ಮುಕ್ಕಾಲು ಸೆಕೆಂಡಿನ ಒದೆ

ಲಿಫ್ಟಣ್ಣ ಯಾವ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಗುಂಡಿ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒತ್ತಿದ್ದಕ್ಕೂ ಮೋಟಾರು ಓಗೊಟ್ಟಿದ್ದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯಿತು ಎಂಬುದರಲ್ಲೇ ಯಂತ್ರದ ಕಾಯಿಲೆ ಅವನಿಗೆ ತಿಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಇದೇ ರಿಪೇರಿ ಕೆಲಸ. ಅವನ ಹೆಸರು ಜನಕ್ಕೆ ಮರೆತೇ ಹೋಗಿತ್ತು. ಸಿಟ್ಟು ಬಂದರೆ ಹೆಂಡತಿಯೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದಳು.

ಇಂಥವನು ಒಂದು ಭಾನುವಾರ ಬೆಳಿಗ್ಗೆ ಹಳೇ ಸಾಮಾನಿನ ಅಂಗಡಿಯಿಂದ ವಿಡಿಯೋ ಗೇಮಿನ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದ. ಜೊತೆಗೊಂದು ಹಳದಿ ಕ್ಯಾಸೆಟ್ಟು. ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ತಂದುಕೊಟ್ಟಿದ್ದ ಹೊಡೆದಾಟದ ಆಟವೇ ಅದು. ಮನೆಯದ್ದು ಎಂದೋ ಗುಜರಿಗೆ ಹೋಗಿತ್ತು.

"ನಲವತ್ತೇಳು ತುಂಬ್ತು, ಈಗ ಆಟ ಬೇಕಿತ್ತಾ?" ಅಂದಳು ಹೆಂಡತಿ.

"ಆಡೋಕಲ್ಲ ಕಣೇ. ಒಂದು ವಿಷಯ ತಿಳ್ಕೋಬೇಕು."

ಆ ಕಾಲದಲ್ಲಿ ಬೀದಿಯ ಹುಡುಗರೆಲ್ಲ ಬೇರೊಂದು ಹೊಡೆದಾಟದ ಆಟಕ್ಕೆ ಬಾಯಿ ಬಿಡುತ್ತಿದ್ದರು. ಅದರಲ್ಲಿ ಕೈ ಬೀಸಿದರೆ ಬೆಂಕಿ ಹಾರುತ್ತಿತ್ತು. ಅದೇ ಬೇಕೆಂದು ಇವನು ವರ್ಷವಿಡೀ ಅಪ್ಪನ ಪ್ರಾಣ ಹಿಂಡಿದ್ದ. ಅಪ್ಪ ತಂದದ್ದು ಇದನ್ನು. ಇದರ ಪೈಲ್ವಾನನೋ, ಗುಂಡಿ ಒತ್ತಿದ ಮೇಲೆ ಒಂದು ಸಲ ಯೋಚನೆ ಮಾಡಿ ಕಾಲೆತ್ತುವ ಮಹಾರಾಯ. ಅಪ್ಪ ಪುಸ್ತಕಗಳಿಗೆ ರಟ್ಟು ಹಾಕುವವನು. ಬಲಗೈಯ ಎರಡು ಬೆರಳು ಕಾಗದ ಕತ್ತರಿಸುವ ಯಂತ್ರಕ್ಕೆ ಹೋಗಿದ್ದವು. ಅವನು ಪಕ್ಕದಲ್ಲಿ ಕೂತು, "ಬಾರೋ, ನಾವಿಬ್ರೂ ಆಡೋಣ" ಅಂದಾಗ ಮಗ, "ಡಬ್ಬಾ ಆಟ ತಂದಿದ್ದೀಯ, ನೀನೇ ಆಡ್ಕೋ" ಎಂದು ಎದ್ದು ಹೋಗಿದ್ದ.

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಆ ಮಾತು ಮಾತ್ರ ಲಿಫ್ಟಣ್ಣನ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. ಆಟ ನಿಜಕ್ಕೂ ದರಿದ್ರ ಅಂತಾದರೆ ಸಾಕು, ತಾನು ಸುಮ್ಮಸುಮ್ಮನೆ ಅಪ್ಪನ ಮನಸ್ಸು ಮುರಿಯಲಿಲ್ಲ ಎಂದಾದರೂ ಆಗುತ್ತದೆ. ಅದಕ್ಕೇ ಈ ಪಾಡು.

ಟೀವಿಗೆ ವೈರು ಸಿಕ್ಕಿಸಿದ. ಕಿಟಕಿಯ ಹತ್ತಿರ ಅಮ್ಮ ಹಳೇ ಸ್ವೆಟರಿನ ಉಲ್ಲನ್ ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಅವನು ಅಭ್ಯಾಸದಂತೆ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಒದೆಯ ಸದ್ದು ಬರಲು ಮುಕ್ಕಾಲು ಸೆಕೆಂಡು! ಇನ್ನೊಮ್ಮೆ ಒತ್ತಿದರೂ ಅಷ್ಟೇ. ಎದೆ ಹಗುರಾಯಿತು, ನಗು ಬಂತು.

"ನೋಡಮ್ಮಾ, ಅವತ್ತು ನಾನು ಹೇಳಿದ್ದು ಸರಿನೇ. ಅಪ್ಪಂಗೆ ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ."

"ಯಾರೂ ಹಾಕಿಲ್ಲ," ಅಮ್ಮ ಉಂಡೆಯಿಂದ ಕಣ್ಣೆತ್ತಲಿಲ್ಲ. "ನೀನು ಕೇಳಿದ ಆಟವೂ ಆ ಅಂಗಡೀಲೇ ಇತ್ತಂತೆ. ನಿಮ್ಮಪ್ಪ ಅರ್ಧ ದಿನ ನಿಂತು ಎರಡನ್ನೂ ಆಡಿ ನೋಡಿದ್ರಂತೆ. ನೀನು ಕೇಳಿದ್ದರ ವೇಗಕ್ಕೆ ಅವರ ಕೈ ಓಡಲಿಲ್ಲ. 'ಇದು ನಿಧಾನ ಕಣೇ, ಇದಾದ್ರೆ ನಾನೂ ಅವನ ಜೊತೆ ಆಡಬಹುದು' ಅಂತ ಎಷ್ಟು ಖುಷಿಯಾಗಿ ತಂದ್ರು ಗೊತ್ತಾ!"

ಲಿಫ್ಟಣ್ಣ ಅಮ್ಮನ ಕಡೆ ತಿರುಗಿದ. "ನನಗೆ ಯಾಕಮ್ಮಾ ಹೇಳಲಿಲ್ಲ?"

"ಏನಂತ ಹೇಳೋದು? ನೀನು ಎದ್ದು ಹೋದೆ. 'ಹೋಗ್ಲಿ ಬಿಡು, ಅವನಿಗೆ ಹಿಡಿಸಲಿಲ್ಲ' ಅಂದ್ರು. ಅಷ್ಟೇ."

ಅವನು ಬಲಗೈಯ ಎರಡು ಬೆರಳನ್ನು ಅಂಗೈಯೊಳಕ್ಕೆ ಮಡಚಿಕೊಂಡ. ಉಳಿದವುಗಳಲ್ಲಿ ಗುಂಡಿ ಒತ್ತಿ ಕಾದ. ಪೈಲ್ವಾನ ಕಾಲೆತ್ತಿದ, ಎದುರಿನವನು ಬಿದ್ದ. ಇನ್ನೊಮ್ಮೆ ಒತ್ತಿದ, ಮತ್ತೆ ಬಿದ್ದ. ಇಷ್ಟು ಆಡೋಕೆ ಅಪ್ಪನಿಗೂ ಬರುತ್ತಿತ್ತು. ಇಡೀ ರಜೆ ಇಬ್ಬರೂ ಆಡಬಹುದಿತ್ತು. ಒಂದೇ ಒಂದು ಆಟ ಆಡಿದ್ದರೂ ಸಾಕಿತ್ತಲ್ಲ ಎಂದು ಲಿಫ್ಟಣ್ಣ ಅಮ್ಮನ ಮುಂದೆಯೇ ಅತ್ತುಬಿಟ್ಟ.