ಅಳಿಸಿದರೂ ಇಪ್ಪತ್ನಾಲ್ಕು

ದೆವ್ವ, ಮೈಮೇಲೆ ಬರುವುದು ಎಂದರೆ ನಗುತ್ತಿದ್ದವನು ನಾನು. ಕಂಪ್ಯೂಟರ್ ಮುಂದೆ ಕುಳಿತು ಹೊಟ್ಟೆ ಹೊರೆಯುವವನಿಗೆ ಅವೆಲ್ಲ ಯಾಕೆ? ಆದರೂ ಆ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡು ಸಾವಿರದ ಆರೋ ಏಳೋ ಇರಬೇಕು. ಕಾರವಾರದ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ ಕುಳಿತು, ಔಷಧ ಪರೀಕ್ಷಿಸುವ ಕಂಪನಿಯೊಂದಕ್ಕೆ ಅಂಕಿ-ಅಂಶದ ವರದಿ ಮಾಡಿಕೊಡುತ್ತಿದ್ದೆ. ಹಳೆಯ ಮಾತ್ರೆ, ಅದರಂತೆಯೇ ಮಾಡಿದ ಹೊಸ ಮಾತ್ರೆ ಎರಡೂ ರಕ್ತಕ್ಕೆ ಒಂದೇ ಪ್ರಮಾಣದಲ್ಲಿ ಸೇರುತ್ತವೆಯೇ ಎಂದು ನೋಡುವ ಕೆಲಸ. ಇಪ್ಪತ್ನಾಲ್ಕು ಜನ ಒಮ್ಮೆ ಒಂದನ್ನು, ಕೆಲವು ದಿನ ಬಿಟ್ಟು ಇನ್ನೊಂದನ್ನು ನುಂಗಿ ರಕ್ತ ಕೊಡಬೇಕಿತ್ತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಅಂಕೋಲೆಯ ಗಣಪತಿ ಎಂಬ ಪರಿಚಯದ ಮೀನುಗಾರನನ್ನು ನಾನೇ ಅದಕ್ಕೆ ಕಳಿಸಿದ್ದೆ. ಮೊದಲ ಸರದಿಯಲ್ಲೇ ಹೊಸ ಮಾತ್ರೆ ನುಂಗಿ ವಾಂತಿ ಮಾಡಿ ಬಿದ್ದವನು ಎರಡನೆಯ ಸರದಿಗೆ ಬರಲಿಲ್ಲ. ಕಂಪ್ಯೂಟರಿನ ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು; ಅವನ ಸಾಲು ಅರ್ಧ ಖಾಲಿ ಉಳಿಯಿತು.

ಹಾಗೆ ಅರ್ಧ ಖಾಲಿ ಇದ್ದವನನ್ನು ನಮ್ಮ ಸಾಫ್ಟ್‌ವೇರ್ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದು ಪದ್ಧತಿ, ಇರಲಿ. ಆದರೆ ಅವನಿಗೆ ಕಾಯಿಲೆಯಾದದ್ದನ್ನು ವರದಿಯಲ್ಲಿ ಬರೆಯಲೇಬೇಕಿತ್ತು. ಮೇಲಿನವರು ಫೋನಿನಲ್ಲಿ ಹೇಳಿದರು: "ಅವನ ಸಾಲೇ ಅಳಿಸಿಬಿಡು ಮಾರಾಯ. ವಾಂತಿ-ಗೀಂತಿ ಅಂತ ಬರೀಲಿಕ್ಕೆ ಹೋಗ್ಬೇಡ." ನಾನು ಹೂಂ ಅಂದೆ. ಥೂ, ಆ ಹೂಂ ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಆ ಮಧ್ಯಾಹ್ನವೇ ಸಾಲು ಅಳಿಸಿ ಲೆಕ್ಕ ಓಡಿಸಿದೆ. ವರದಿಯಲ್ಲಿ ಬಂತು: ಒಟ್ಟು ಜನ 24. ಸಾಲುಗಳನ್ನು ಬೆರಳಿಟ್ಟು ಎಣಿಸಿದೆ, 23. ಕಂಪ್ಯೂಟರ್ ಆರಿಸಿ, ಉಳಿದವರ ಅಂಕಿಗಳನ್ನೆಲ್ಲ ಹೊಸದಾಗಿ ತುಂಬಿ ಮತ್ತೆ ಓಡಿಸಿದೆ. ಮತ್ತೆ 24. ಗಣಪತಿ ಬದುಕಿದ್ದಾನೋ ಇಲ್ಲವೋ ಎಂಬ ಹೆದರಿಕೆ ಹುಟ್ಟಿ ಅಂಕೋಲೆಯ ಬಸ್ಸು ಹತ್ತಿದೆ.

ಬದುಕಿದ್ದ. ಜಗಲಿಯಲ್ಲಿ ಮಲಗಿದ್ದ, ಕಣ್ಣು ಹಳದಿಯಾಗಿತ್ತು. ಮಳೆ ಮುಗಿದು ಮೀನುಗಾರಿಕೆ ಮತ್ತೆ ಶುರುವಾಗಿತ್ತು; ಮನೆಯೆದುರಿನ ಮರಳಿನಲ್ಲಿ ದೊಡ್ಡ ರಂಪಣಿ ಬಲೆಯನ್ನು ಒಟ್ಟಾಗಿ ದಡಕ್ಕೆ ಎಳೆದವರು ಮೀನು ಪಾಲು ಮಾಡುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೂ ಒಂದು ಉಳಿದಿತ್ತು. ಯಾರದೆಂದು ಕೇಳಿದೆ.

"ಗಣಪತೀದು," ಎಂದ ಅವನ ಅಣ್ಣ. "ಬಲೆ ಎಳೂಕೆ ಬರ್ಲಿಲ್ಲ ಅಂದ್ರೆ ಅಂವ ಇಲ್ಲ ಅಂತಾಯ್ತನ್ರಾ?"

ಅದರಿಂದಲೇ ನಾಲ್ಕು ಬಂಗಡೆ ತೆಗೆದು ನನಗೂ ಕಟ್ಟಿಕೊಟ್ಟ. ನಾಚಿಕೆಯಿಲ್ಲದೆ ತಂದು ಸಾರು ಮಾಡಿಸಿ ತಿಂದೆ. ಮರುದಿನ ವರದಿಯಲ್ಲಿ 24 ಅಳಿಸಿ, ನಾನೇ 23 ಎಂದು ಬರೆದು ಕಳಿಸಿದೆ. ವಾಂತಿಯ ಸುದ್ದಿ ಅದರಲ್ಲಿ ಇರಲಿಲ್ಲ.

ಇಲ್ಲದ ಸಾಲನ್ನು ಯಂತ್ರ ಹೇಗೆ ಎಣಿಸಿತು? ತಿಳಿದವರನ್ನೆಲ್ಲ ಕೇಳಿದ್ದೇನೆ, ಯಾರಿಗೂ ಹೇಳಲಾಗಲಿಲ್ಲ. ನನಗೂ ಇಂದಿನವರೆಗೆ ಗೊತ್ತಾಗಿಲ್ಲ. ಅವನ ಪಾಲಿನ ಮೀನು ತಿಂದ ಕೈಯಲ್ಲೇ ಅವನನ್ನು ಅಳಿಸಿದೆ, ಅಷ್ಟು ಮಾತ್ರ ಗೊತ್ತು.