ಸೈಕಲ್ಲಿಗೆ ಬೇಕಾದ ತೋಳು

ಕಾಲೇಜಿನಲ್ಲಿದ್ದಾಗ ನಾನು ಸೈಕಲ್ ಓಟಕ್ಕೆ ಹೋಗುತ್ತಿದ್ದೆ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ನನಗೆ ಒಂದು ಕೊಡ ನೀರು ಹೊರಲು ಬಿಡುತ್ತಿರಲಿಲ್ಲ. ಈಗ ಹೇಳಿದರೆ ಮುದ್ದಿನ ಮಗಳ ಮಾತಿನಂತೆ ಕೇಳಿಸುತ್ತದೆ. ಮುದ್ದೇನೂ ಇರಲಿಲ್ಲ. ಅದು ಅವ್ವನ ಲೆಕ್ಕಾಚಾರ.

ಅವ್ವನ ತವರು ಮುದ್ದೇಬಿಹಾಳದ ಕಡೆಯ ಹಳ್ಳಿ. ಅವಳ ಅಪ್ಪ ಶರ್ಯತ್ತಿನ ಎತ್ತು ಸಾಕಿದವರು. ಗಾಡಿ ಓಟಕ್ಕೆ ತಯಾರು ಮಾಡಿದ ಎತ್ತನ್ನು ರಂಟೆಗೂ ಕುಂಟೆಗೂ ಹೂಡುವುದಿಲ್ಲ. ಅದಕ್ಕೆ ಹುರುಳಿ, ಹತ್ತಿಕಾಳು ಹಾಕಿ, ಮೈ ತಿಕ್ಕಿ, ನೆರಳಲ್ಲಿ ಕಟ್ಟುತ್ತಾರೆ. ಓಡುವ ಶಕ್ತಿ ಹೊಲದಲ್ಲಿ ಸೋರಿಹೋಗಬಾರದು ಎಂಬುದು ಅವರ ಕಾಳಜಿ. ನಾನು ಜಿಲ್ಲಾ ತಂಡದ ಪಟ್ಟಿಗೆ ಬಂದಾಗ ಅವ್ವ ಅದೇ ಕ್ರಮವನ್ನು ನನಗೂ ಹಚ್ಚಿದಳು. ನೀರು ತರುವುದು, ಬಟ್ಟೆ ಒಗೆಯುವುದು, ರೊಟ್ಟಿ ಬಡಿಯುವುದು ಎಲ್ಲವೂ ತಂಗಿಯ ಪಾಲಿಗೆ ಹೋದವು. ನನ್ನ ಪಾಲಿಗೆ ಹಾಲು, ಶೇಂಗಾ ಉಂಡಿ ಮತ್ತು ಮಧ್ಯಾಹ್ನದ ನಿದ್ದೆ.

"ನನ್ನ ಹಣೀಬರಾ ನೋಡು," ಎನ್ನುತ್ತಿದ್ದಳು ತಂಗಿ, "ಮನ್ಯಾಗ ಒಂದು ಎತ್ತು ಕಟ್ಟ್ಯಾರ, ಮೇವು ಹಾಕೂದು ನಾ."

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಇಂಡಿ ಎಂಬ ತಾಲೂಕು ಊರಿನಲ್ಲಿದ್ದೆವು. ಅಪ್ಪ ಹೈಸ್ಕೂಲು ಮಾಸ್ತರ. ನಾನು ಓಡಿಸುತ್ತಿದ್ದ ಬಾಗಿದ ಹ್ಯಾಂಡಲ್ಲಿನ, ತೆಳು ಗಾಲಿಯ ಸೈಕಲ್ಲು ನನ್ನದಲ್ಲ. ಪಟ್ಟಿಯಲ್ಲಿ ಇರುವವರಿಗೆ ಬಳಸಲು ಕೊಟ್ಟದ್ದು. ಆಯ್ಕೆಯ ಓಟದಲ್ಲಿ ಹಿಂದೆ ಬಿದ್ದರೆ ಹಿಂದಿರುಗಿಸಬೇಕು. ಅಂಥದೊಂದನ್ನು ಸ್ವಂತಕ್ಕೆ ಕೊಳ್ಳುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದವರಲ್ಲ. ಆದ್ದರಿಂದ ಸೈಕಲ್ಲು ಹೋದರೆ ನನ್ನ ಓಟವೂ ಅಲ್ಲಿಗೇ ಮುಗಿದಂತೆ. ಇದು ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಆ ವರ್ಷದ ಆಯ್ಕೆಯ ಓಟ ಸಿಂದಗಿಯಿಂದ ದೇವರ ಹಿಪ್ಪರಗಿಯ ಮೇಲೆ ಬಸವನ ಬಾಗೇವಾಡಿಗೆ. ದೇವರ ಹಿಪ್ಪರಗಿ ದಾಟಿದ ಮೇಲೆ ಡಾಂಬರು ಕಿತ್ತು ಕಲ್ಲು ಎದ್ದಿತ್ತು. ನನ್ನ ಕಾಲು ಚೆನ್ನಾಗಿಯೇ ಇದ್ದವು. ಕೆಟ್ಟದ್ದು ಅಂಗೈ. ಮೊದಲು ಜುಮುಗುಟ್ಟಿ, ಆಮೇಲೆ ಮರಗಟ್ಟಿದವು. ಆಗಿನ ಸೈಕಲ್ಲುಗಳಲ್ಲಿ ಗೇರಿನ ಕಡ್ಡಿ ಚೌಕಟ್ಟಿನ ಕೆಳಗಿನ ಕೊಳವೆಯ ಮೇಲೆ ಇರುತ್ತಿತ್ತು. ಗೇರು ಬದಲಿಸಲು ಒಂದು ಕೈ ಬಿಟ್ಟು ಬಗ್ಗಬೇಕು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಆ ಕಲ್ಲಿನ ಮೇಲೆ ಹೋಗಲು ನನಗೆ ಆಗಲಿಲ್ಲ. ಗೇರು ಬದಲಿಸದೆಯೇ ಏರು ಹತ್ತಿದೆ. ಮುಂದಿನ ಗುಂಪು ಕಣ್ಣಿಂದ ಮರೆಯಾಯಿತು. ಕೈ ಮರಗಟ್ಟಿದ್ದು ದೇವರ ಹಿಪ್ಪರಗಿಯ ನಂತರ ಎಂದು ಈಗ ಬರೆದೆನಾದರೂ ಅದಕ್ಕಿಂತ ಮುಂಚೆಯೇ ಆಗಿರಬಹುದು. ಕೆಟ್ಟ ರಸ್ತೆ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ. ಕೈನೋವನ್ನು ನಾನು ಆಮೇಲೆ ತಂದು ಅದರ ಪಕ್ಕದಲ್ಲಿ ಕೂಡಿಸಿದ್ದೇನೋ ಏನೋ.

ಬಾಗೇವಾಡಿಯಲ್ಲಿ ಬೇವಿನ ಗಿಡದ ಕೆಳಗೆ ನಮ್ಮ ತಂಡದ ಕೋಚ್ ಸರ್ ನನ್ನ ಅಂಗೈ ತಿರುಗಿಸಿ ನೋಡಿದರು. "ಒಂದು ನಾಲ್ಕು ದಂಡ ಹೊಡಿ ನೋಡೂಣು," ಎಂದರು. ಎರಡು ಹೊಡೆದೆ. ಮೂರನೆಯದಕ್ಕೆ ಮೂಗು ಮಣ್ಣಿಗೆ ತಾಗಿತು.

"ಕಾಲು ಪೈಲ್ವಾನಂದು, ತೋಳು ಬಾಣಂತಿದು," ಎಂದರು. ಉಳಿದ ಹುಡುಗಿಯರು ನಕ್ಕರು. "ಮನ್ಯಾಗ ಏನ ಕೆಲಸ ಮಾಡ್ತಿ?"

"ಏನೂ ಇಲ್ರಿ ಸರ್. ಅವ್ವ ಮಾಡಗೊಡೂದಿಲ್ರಿ."

ಅವರು ಯುಗಾದಿಗೆ ಮೊದಲು ಇದೇ ರಸ್ತೆಯಲ್ಲಿ ಇನ್ನೊಂದು ಓಟ ಇಡುವುದಾಗಿ ಹೇಳಿದರು. ಅಲ್ಲಿಯತನಕ ಸೈಕಲ್ಲು ನನ್ನ ಹತ್ತಿರ ಇರಬಹುದು.

ಮುಂದಿನ ವಾರ ಇಂಡಿಯಲ್ಲಿ ಏನೋ ಕೆಲಸವಿದ್ದಾಗ ಅವರು ನಮ್ಮ ಮನೆಗೂ ಬಂದರು. ಅವ್ವ ಚಹಾ ಕೊಟ್ಟು ಬಾಗಿಲ ಹಿಂದೆ ನಿಂತು ತನ್ನ ಅಪ್ಪನ ಎತ್ತುಗಳ ಸಂಗತಿಯನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು.

"ಖರೆ ಐತ್ರಿ ಅಕ್ಕಾರ. ಆದ್ರ ಎತ್ತಿಗೆ ಹ್ಯಾಂಡಲ್ ಇರೂದಿಲ್ಲ."

ಅವರು ನೆಲದ ಮೇಲೆ ಕೈ ಊರಿ ತೋರಿಸಿದರು. ಸೈಕಲ್ಲಿನ ಮೇಲೆ ಬಗ್ಗಿ ಕೂತಾಗ ಎದೆ, ಭುಜ, ಬೆನ್ನು ಮೈಭಾರವನ್ನು ತಡೆಯಬೇಕು. ಅವು ಸೋತರೆ ಭಾರವೆಲ್ಲ ಅಂಗೈಗೆ ಇಳಿಯುತ್ತದೆ. ಏರಿನಲ್ಲಿ ಎದ್ದು ತುಳಿಯುವಾಗ ತೋಳು ಹ್ಯಾಂಡಲನ್ನು ಹಿಡಿದು ನಿಲ್ಲಿಸದಿದ್ದರೆ ಕಾಲಿನ ಬಲ ಅತ್ತಿತ್ತ ತೂಗಾಡುವುದರಲ್ಲೇ ಹೋಗುತ್ತದೆ. "ಗರಡಿ ಮನ್ಯಾಗ ಇಕಿನ್ನ ಬಿಡೂದಿಲ್ಲ. ಮನ್ಯಾಗ ಮಾಡಲಿ. ದಂಡ ಹೊಡೀಲಿ, ಕೊಡ ಎತ್ತಲಿ."

"ಹಂಗಾರ ನಾಳಿಂದ ಹಿಟ್ಟು ಅಕ್ಕಾನ ನಾದಲಿ," ಎಂದು ಒಳಗಿನಿಂದ ತಂಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬಾಗೇವಾಡಿಗೆ ಲಗ್ನವಾಗಿ ಹೋಗಿರುವ ತಂಗಿಯನ್ನು ಮೊನ್ನೆ ಫೋನಿನಲ್ಲಿ ಕೇಳಿದೆ. "ನಾ ಎಲ್ಲಿ ಅಂದೇನಿ? ನಾ ಸಾಲ್ಯಾಗ ಇದ್ದೆ. ಅದನ್ನ ಅಂದಾಕಿ ಅವ್ವ," ಎಂದಳು. ಅವ್ವ ಹಾಗೆ ಅಂದಿರಲು ಸಾಧ್ಯವಿಲ್ಲ ಎನ್ನಿಸುತ್ತದೆ. ಆದರೆ ಯಾರು ಹೇಗೆ ಮಾತಾಡುವವರು ಎಂಬ ನನ್ನ ಎಣಿಕೆಯೇ ನೆನಪಿನ ಜಾಗದಲ್ಲಿ ಕೂತಿದೆಯೇ ಎಂಬ ಅನುಮಾನವೂ ಇದೆ. ಯಾರೇ ಅಂದಿರಲಿ, ಮರುದಿನ ಹಿಟ್ಟು ನಾದುವ ಪರಾತ ನನ್ನ ಮುಂದೆ ಬಂತು.

ದಂಡಕ್ಕೆ ಮನೆಯ ಮೇಲಿನ ಮಾಳಿಗೆ ಗೊತ್ತುಮಾಡಿದ್ದಾಯಿತು. ಹೊತ್ತು ಹುಟ್ಟುವಾಗ ಮೇಲೆ ಹತ್ತಿ ಹೋಗಿ, ಗೋಣಿಚೀಲ ಹಾಸಿಕೊಂಡು ಶುರು ಮಾಡುತ್ತಿದ್ದೆ. ನಮ್ಮ ಸಾಲಿನ ಮನೆಗಳ ಮಾಳಿಗೆಗಳೆಲ್ಲ ಒಂದಕ್ಕೊಂದು ಹತ್ತಿಕೊಂಡಿದ್ದವು. ನಾಲ್ಕಾರು ದಿನಕ್ಕೆ ಪಕ್ಕದ ಮನೆಯಾಕೆ ಅವ್ವನನ್ನು ಕೇಳಿದಳು:

"ನಿಮ್ಮ ಹುಡುಗಿ ಮಾಳಗಿ ಮ್ಯಾಲ ಏನ ಹುಡಕಾಕತ್ತಾಳ್ರಿ?"

"ಕಿವ್ಯಾನ ಓಲಿ ಬಿದ್ದೈತ್ರಿ," ಎಂದಳು ಅವ್ವ.

ವಾರ ಕಳೆದು ಆಕೆ ಮತ್ತೆ ಕೇಳಿದಳು. "ಇನ್ನೂ ಸಿಗಲಿಲ್ಲೇನ್ರಿ? ಬಂಗಾರದ್ದೇನು?"

ಅವ್ವ ಒಳಗೆ ಬಂದು ನನ್ನ ಮೇಲೆ ಸಿಟ್ಟಾದಳು. "ಹೆಣಮಕ್ಕಳು ದಂಡ ಹೊಡಿಯೂದು ನಮ್ಮ ವಂಶದಾಗ ಇಲ್ಲ. ಲಗೂ ಮುಗಿಸಿ ಕೆಳಗ ಬಾ." ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.

ಜೋಳದ ಹಿಟ್ಟು ನಾದುವುದು ಸಣ್ಣ ಕೆಲಸವಲ್ಲ. ಎಸರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಮುಂದೆ ತಳ್ಳಬೇಕು, ಮತ್ತೆ ಎಳೆದುಕೊಳ್ಳಬೇಕು. ಗೋದಿಯ ಹಿಟ್ಟಿನಂತೆ ಅದು ತಾನಾಗಿ ಹಿಡಿದುಕೊಳ್ಳುವುದಿಲ್ಲ. ಮೊದಲ ವಾರ ನನ್ನ ರೊಟ್ಟಿಗಳ ಅಂಚು ಹರಿದು ನಕಾಶೆಯಂತಾದವು. ಅಪ್ಪ ಒಂದನ್ನು ಎತ್ತಿ ಹಿಡಿದು, "ಇದು ಯಾವ ರಾಜ್ಯ?" ಎಂದು ಕೇಳಿದರು.

"ಅಕ್ಕಾ, ಯಾಕ ಅದರ ಕುತಗಿ ಹಿಚಕಾಕತ್ತಿ?" ಎಂದಳು ತಂಗಿ. "ಬೆರಳು ಸಡಲ ಬಿಡು. ತೋಳಿಲೆ ಬಡಿ."

ಚಳಿ ಮುಗಿಯುವ ಹೊತ್ತಿಗೆ ತೋಳು ಗಟ್ಟಿಯಾದವು. ಕುಪ್ಪಸದ ತೋಳು ಬಿಗಿಯಾಗಿ ಅವ್ವ ಹೊಲಿಗೆ ಬಿಚ್ಚಿಕೊಟ್ಟಳು. ನಾನು ಹಿಗ್ಗಿದೆ, ಮತ್ತು ಅದೇ ಹುರುಪಿನಲ್ಲಿ ಎರಡೂ ಕೈಯಲ್ಲಿ ಒಂದೊಂದು ತುಂಬಿದ ಕೊಡ ಹಿಡಿದು ಎತ್ತುವ ಆಟ ಹೂಡಿದೆ. ಆದರೆ ಹಲಸಂಗಿ ಕಡೆಯ ರಸ್ತೆಯಲ್ಲಿ ಅಭ್ಯಾಸಕ್ಕೆ ಹೋದಾಗ ಅಂಗೈ ಮತ್ತೆ ಮರಗಟ್ಟಿದವು. ಮೊದಲಿಗಿಂತ ತಡವಾಗಿ, ನಿಜ. ಆದರೆ ಮರಗಟ್ಟಿದವು. ಇಷ್ಟು ತಿಂಗಳ ಕೆಲಸ ಸುಳ್ಳೇ ಆಯಿತೆಂದು ಮನೆಗೆ ಬರುವ ದಾರಿಯಲ್ಲಿ ಇಳಿದು ನಡೆದೆ.

ತಂಡದ ಅಭ್ಯಾಸದಲ್ಲಿ ಕೋಚ್ ಸರ್ ಮೋಟಾರ್ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದು ನೋಡಿದರು. "ಹ್ಯಾಂಡಲ್ ಓಡಿಹೋಗೂದಿಲ್ಲ. ಯಾಕ ಅಷ್ಟು ಹಿಂಡ್ತಿ? ಮೊಳಕೈ ಬಗ್ಗಿಸು. ತೋಳಿಗೆ ಶಕ್ತಿ ಬಂದದ್ದು ಸಡಲ ಇಡಾಕ, ಬಿಗೀಲಿಕ್ಕಲ್ಲ."

ತಂಗಿ ಪರಾತದ ಮುಂದೆ ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನಗೆ ಆಗಲೇ ಹೊಳೆಯಿತೇ? ಹೊಳೆಯಿತು ಎಂದು ಬರೆದರೆ ಚೆಂದ ಕಾಣುತ್ತದೆ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಗಾಳಿ ಬಹಳ. ಮೊಳಕೈ." ಬೆರಳು ಸಡಿಲ ಬಿಟ್ಟು ಭುಜದಿಂದ ಭಾರ ಹೊರುವುದನ್ನು ಕಲಿಯಲು ಯುಗಾದಿಯ ಮುಂಚಿನ ಆ ಕೆಲವು ವಾರಗಳು ಪೂರ್ತಿ ಬೇಕಾದವು.

ಎರಡನೆಯ ಓಟದ ಬೆಳಿಗ್ಗೆ ಸಿಂದಗಿಯಲ್ಲಿ ಸಾಲಾಗಿ ನಿಂತಾಗ ನನ್ನ ತಲೆಯಲ್ಲಿ ಒಂದೇ ಜಾಗ ಇತ್ತು, ದೇವರ ಹಿಪ್ಪರಗಿಯ ಆಚೆಯ ಆ ಕಲ್ಲು. ಅಲ್ಲಿಗೆ ಬಂದಾಗ ನೋಡುತ್ತೇನೆ, ರಸ್ತೆಯ ಬಹುಭಾಗಕ್ಕೆ ಹೊಸ ಡಾಂಬರು ಬಿದ್ದಿತ್ತು. ಕರ್ರಗೆ, ನುಣ್ಣಗೆ. ಅಷ್ಟು ತಿಂಗಳು ಕಾದ ಶತ್ರು ಮನೆಯಲ್ಲೇ ಇಲ್ಲದಂತೆ ಒಂದು ಕ್ಷಣ ಪೆಚ್ಚಾದೆ. ಆಮೇಲೆ ಏರು ಬಂತು. ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ಬಲಗೈ ಬಿಟ್ಟು ಬಗ್ಗಿದೆ. ಗೇರು ಬಿತ್ತು. ಎದ್ದು ತುಳಿದೆ. ಸೈಕಲ್ಲು ತೂಗಾಡಲಿಲ್ಲ. ಮುಂದಿನ ಗುಂಪಿನ ಕೊನೆಯವಳಾಗಿ ಬಾಗೇವಾಡಿ ಮುಟ್ಟಿದೆ. ಪಟ್ಟಿಗೆ ಅಷ್ಟು ಸಾಕಾಯಿತು.

ಸಾಮಾನು ಕಟ್ಟುವಾಗ ಕೋಚ್ ಸರ್ ಹತ್ತಿರ ಹೋಗಿ ಹೇಳಿದೆ: "ರಸ್ತಾ ಚಲೋ ಆಗಿತ್ರಿ ಸರ್. ಅದಕ್ಕ ಆತೇನೋ."

"ರಸ್ತಾ ಎಲ್ಲಾರಿಗೂ ಚಲೋ ಆಗಿತ್ತಲ್ಲ," ಎಂದರು. ಅದು ಸರಿಯಾದ ಮಾತೇ. ಆದರೆ ಕೆಟ್ಟ ರಸ್ತೆ ಕೆಟ್ಟದ್ದು ಮಾಡಿದ್ದು ನನಗೇ ಹೆಚ್ಚಾಗಿದ್ದರಿಂದ, ಒಳ್ಳೆಯ ರಸ್ತೆ ಒಳ್ಳೆಯದು ಮಾಡಿದ್ದೂ ನನಗೇ ಹೆಚ್ಚಿರಬೇಕಲ್ಲವೇ ಎಂಬ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ತೋಳು ಎಷ್ಟು, ಡಾಂಬರು ಎಷ್ಟು ಎಂದು ಬೇರೆ ಮಾಡಿ ತೂಗಲು ಬರುವುದಿಲ್ಲ.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಇಂಡಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಹಿಂದೆ ಸೈಕಲ್ಲು ಇದೆಯೇ ಎಂದು ನೋಡಿದಳು. ನಾನು ಅದನ್ನು ಹೆಗಲಿಗೆ ಏರಿಸಿ ಹೊಸ್ತಿಲು ದಾಟಿಸಿದೆ.

"ಉಳೀತೇನು?"

"ಉಳೀತು."

ಒಳಗೆ ತಂಗಿ ಒಲೆಯ ಮುಂದೆ ಕೂತು ನನ್ನ ಪಾಲಿನ ರೊಟ್ಟಿಯನ್ನೂ ಬಡಿಯುತ್ತಿದ್ದಳು. ತಿರುಗಿ ನೋಡದೆ ಪರಾತವನ್ನು ಮೊಳಕೈಯಿಂದ ನನ್ನ ಕಡೆ ಸರಿಸಿದಳು. ಅದರಲ್ಲಿ ಇನ್ನೂ ನಾಲ್ಕು ರೊಟ್ಟಿಯಷ್ಟು ಹಿಟ್ಟು ಉಳಿದಿತ್ತು.

"ಕೈ ತೊಳಕೊಂಡು ಬಾ," ಎಂದಳು.