ಟಾನಿಕ್ಕಿನ ಎಡಬದಿಯವನು

ಉಡುಪಿಯಿಂದ ನಮ್ಮ ಡೊಂಬಿವಲಿ ಮನೆಗೆ ಬಂದ ಅತ್ತೆ, ತಮ್ಮ ಟ್ರಂಕಿನ ತಳಕ್ಕೆ ಹಳೆಯ ವಾರಪತ್ರಿಕೆ ಹಾಸಿದ್ದರು. ಅದರಲ್ಲೊಂದು ಟಾನಿಕ್ಕಿನ ಜಾಹೀರಾತು: ಎಡಬದಿಯಲ್ಲಿ ‘ಮೊದಲು’ ಎಂಬ ಎಲುಬಿನ ಹಂದರ, ಬಲಬದಿಯಲ್ಲಿ ‘ನಂತರ’ ಎಂಬ ಪೈಲ್ವಾನ.

“ನೋಡು ಮಾರಾಯ್ತಿ, ನನ್ನ ಮಗ ಇನ್ನೂ ಎಡಬದಿಯವನೇ!” ಎಂದರು ಅತ್ತೆ. ಅಡುಗೆ ಮಾಡುವವಳು ನಾನಾದ್ದರಿಂದ ತಪ್ಪೂ ನನ್ನದೇ.

ಆ ಟಾನಿಕ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹಟ ಬಿಡದ ಅತ್ತೆ ಮಳೆಗಾಲವಿಡೀ ಮಗನಿಗೆ ತುಪ್ಪ ಸುರಿದ ಮೆಂತೆ ಉಂಡೆ ತಿನ್ನಿಸಿದರು. ಇವರ ಅಂಗಿಯ ಗುಂಡಿಗಳು ಹಾರತೊಡಗಿದವು.

ಒಂದು ಸಂಜೆ ಇವರು ಲೋಕಲ್ ರೈಲು ಇಳಿದು ಬಂದವರೇ ಸಿಡುಕಿದರು: “ನಿಂತೇ ಬಂದೆ ಅಮ್ಮಾ! ಮೊದಲೆಲ್ಲ ಮೂರು ಜನರ ಸೀಟಿನ ತುದಿಗೆ ನನ್ನನ್ನು ನಾಲ್ಕನೆಯವನಾಗಿ ಸೇರಿಸ್ತಿದ್ರು. ಈಗ ನನ್ನನ್ನು ಕಂಡ ಕೂಡ್ಲೇ ಕಾಲು ಅಗಲಿಸ್ತಾರೆ!”

ಅತ್ತೆ ಆ ಜಾಹೀರಾತು ಕತ್ತರಿಸಿ, ಪೈಲ್ವಾನನ ಕೆಳಗೆ ‘ಮೊದಲು’, ಎಲುಬಿನವನ ಕೆಳಗೆ ‘ನಂತರ’ ಎಂದು ತಿದ್ದಿ ಫ್ರಿಜ್ಜಿಗೆ ಅಂಟಿಸಿದರು.